ಪೀಠದಿಂದ ಇಳಿದು ಮತಪೆಟ್ಟಿಗೆಯ ಮುಂದೆ: ಟಾಮಿ ಡಗ್ಲಸ್ ನಡೆದ ದಾರಿ

(ದಾವಣಗೆರೆಯ ಓದುಗರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಧರ್ಮಗುರುಗಳು ರಾಜಕೀಯಕ್ಕೆ ಬಂದ ಉದಾಹರಣೆಗಳಿಗೆ ಜಗತ್ತಿನಲ್ಲಿ ಬರವಿಲ್ಲ. ಸೈಪ್ರಸ್ 1960ರಲ್ಲಿ ಸ್ವತಂತ್ರವಾದಾಗ ಆರ್ಚ್‌ಬಿಷಪ್ ಮಕಾರಿಯೋಸ್ ಅದರ ಮೊದಲ ಅಧ್ಯಕ್ಷರಾದರು, ಚರ್ಚಿನ ಪೀಠವನ್ನೂ ಬಿಡಲಿಲ್ಲ. ಹೈಟಿಯಲ್ಲಿ ಬಡವರ ಕೇರಿಯ ಪಾದ್ರಿ ಅರಿಸ್ಟೀಡ್ 1991ರಲ್ಲಿ ಅಧ್ಯಕ್ಷರಾಗಿ, ಕೆಲವೇ ತಿಂಗಳಲ್ಲಿ ಸೇನೆಯ ದಂಗೆಗೆ ಸಿಕ್ಕಿ ದೇಶ ಬಿಡಬೇಕಾಯಿತು. ಪರಾಗ್ವೆಯಲ್ಲಿ ಬಿಷಪ್ ಆಗಿದ್ದ ಫೆರ್ನಾಂಡೊ ಲುಗೊ 2008ರಲ್ಲಿ ಚುನಾವಣೆ ಗೆದ್ದರು. ಇವರೆಲ್ಲರಿಗಿಂತ ಹಿಂದೆ ಸ್ಲೊವಾಕಿಯಾದಲ್ಲಿ ಯೋಜೆಫ್ ತಿಸೊ ಎಂಬ ಕ್ಯಾಥೊಲಿಕ್ ಪಾದ್ರಿ ದೇಶದ ಅಧ್ಯಕ್ಷನಾಗಿ, ತನ್ನದೇ ಪ್ರಜೆಗಳಾದ ಸಾವಿರಾರು ಯಹೂದಿಗಳನ್ನು ಹಿಟ್ಲರನ ಶಿಬಿರಗಳಿಗೆ ಸಾಗಹಾಕಿದ. ಯುದ್ಧ ಮುಗಿದ ಮೇಲೆ 1947ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಆದ್ದರಿಂದ ನಿಲುವಂಗಿಯನ್ನಾಗಲಿ ಕಾವಿಯನ್ನಾಗಲಿ ನೋಡಿ ರಾಜಕಾರಣದ ಗುಣವನ್ನು ಅಳೆಯಲು ಬರುವುದಿಲ್ಲ. ಪೀಠದಿಂದ ಬಂದವರು ಅಧಿಕಾರ ಸಿಕ್ಕಮೇಲೆ ಏನು ಮಾಡಿದರು ಎಂಬುದನ್ನೇ ನೋಡಬೇಕು.

ಇಂಥವರ ಸಾಲಿನಲ್ಲಿ ನಾನು ಇವತ್ತು ಆರಿಸಿಕೊಂಡದ್ದು ಕೆನಡಾದ ಥಾಮಸ್ ಕ್ಲೆಮೆಂಟ್ ಡಗ್ಲಸ್ ಅವರನ್ನು. ಜನ ಕರೆದದ್ದು ಟಾಮಿ ಡಗ್ಲಸ್ ಎಂದು. ಅವರು ಎಂದೂ ಪ್ರಧಾನಿಯಾಗಲಿಲ್ಲ. ಅವರು ಕಟ್ಟಿದ ಪಕ್ಷಕ್ಕೆ ರಾಷ್ಟ್ರ ಮಟ್ಟದಲ್ಲಿ ಅವರ ಕಾಲದಲ್ಲಿ 22ಕ್ಕಿಂತ ಹೆಚ್ಚು ಸೀಟು ಯಾವ ಮಹಾಚುನಾವಣೆಯಲ್ಲೂ ಬರಲಿಲ್ಲ. ಹಾಗಿದ್ದೂ ಕೆನಡಾದಲ್ಲಿ ಇವತ್ತು ಒಬ್ಬ ಕೂಲಿಯವನು ಆಸ್ಪತ್ರೆಗೆ ಸೇರಿ ಆಪರೇಷನ್ ಮಾಡಿಸಿಕೊಂಡು, ಬಿಲ್ ಕಟ್ಟದೆ ಮನೆಗೆ ಬರುತ್ತಾನೆ. ಅದರ ಹಿಂದೆ ಇರುವುದು ಈ ಪಾದ್ರಿಯ ದುಡಿಮೆ.

ಎಲ್ಲವೂ ಒಂದು ಕಾಲಿನಿಂದ ಶುರುವಾಗುತ್ತದೆ. ಟಾಮಿ ಹುಟ್ಟಿದ್ದು 1904ರ ಅಕ್ಟೋಬರ್ 20ರಂದು, ಸ್ಕಾಟ್ಲೆಂಡಿನ ಫಾಲ್ಕರ್ಕ್ ಬಳಿಯ ಕ್ಯಾಮಲನ್ ಎಂಬಲ್ಲಿ. ಅಪ್ಪ ಕಬ್ಬಿಣದ ಎರಕದ ಕೆಲಸಗಾರ. ಹುಡುಗ ಬಿದ್ದು ಮೊಣಕಾಲಿಗೆ ಪೆಟ್ಟಾಯಿತು, ಗಾಯ ಮೂಳೆಗೆ ಇಳಿದು ಕೀವು ಕಟ್ಟಿತು. ಆಸ್ಟಿಯೋಮೈಲೈಟಿಸ್. ಇಲ್ಲಿ ಕೂತಿರುವ ವೈದ್ಯ ವಿದ್ಯಾರ್ಥಿಗಳಿಗೆ ಗೊತ್ತು, ಆಂಟಿಬಯಾಟಿಕ್ ಇಲ್ಲದ ಆ ಕಾಲದಲ್ಲಿ ಅದು ಎಂಥ ರೋಗ ಎಂದು. ಕುಟುಂಬ 1910ರ ಹೊತ್ತಿಗೆ ಕೆನಡಾದ ವಿನಿಪೆಗ್‌ಗೆ ವಲಸೆ ಬಂತು. ಅಲ್ಲಿ ನೋವು ಮತ್ತೆ ಕೆರಳಿತು. ದುಡ್ಡಿಲ್ಲದವರ ವಾರ್ಡಿನಲ್ಲಿ ಮಲಗಿದ್ದ ಹುಡುಗನ ಕಾಲು ಕತ್ತರಿಸಬೇಕು ಎಂದು ಆಸ್ಪತ್ರೆಯವರು ಹೇಳಿಬಿಟ್ಟರು. ಆ ದಿನಗಳಲ್ಲೇ ಡಾ. ಸ್ಮಿತ್ ಎಂಬ ಹೆಸರಾಂತ ಮೂಳೆ ತಜ್ಞರು ವಾರ್ಡಿಗೆ ಬಂದು ಅವನನ್ನು ನೋಡಿದರು. ತನ್ನ ವಿದ್ಯಾರ್ಥಿಗಳು ನಿಂತು ನೋಡಲು ತಂದೆತಾಯಿ ಒಪ್ಪಿದರೆ ದುಡ್ಡು ತೆಗೆದುಕೊಳ್ಳದೆ ಚಿಕಿತ್ಸೆ ಮಾಡುತ್ತೇನೆ ಎಂದರು. ಕಾಲು ಉಳಿಯಿತು. ಮುಂದೆ ಅದೇ ಕಾಲಿನ ಮೇಲೆ ನಿಂತು ಅವನು 1922ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಲೈಟ್‌ವೇಟ್ ಬಾಕ್ಸಿಂಗ್ ಚಾಂಪಿಯನ್ ಆದ.

ಇಂಥ ಘಟನೆ ನಡೆದಾಗ ನಾವೆಲ್ಲ ಆ ಡಾಕ್ಟರನ್ನು ದೇವರು ಎನ್ನುತ್ತೇವೆ, ಕೈಮುಗಿಯುತ್ತೇವೆ. ಡಗ್ಲಸ್ ಅವರಿಗೂ ಆ ವೈದ್ಯರ ಮೇಲೆ ಕೃತಜ್ಞತೆ ಕೊನೆಯವರೆಗೂ ಇತ್ತು. ಆದರೆ ಅವರಿಗೆ ಅದರ ಜೊತೆಗೇ ಇನ್ನೊಂದು ಪ್ರಶ್ನೆ ಹುಟ್ಟಿತು. ಆ ಡಾಕ್ಟರ್ ಅವತ್ತು ಆ ವಾರ್ಡಿಗೆ ಬಾರದಿದ್ದರೆ? ಪಕ್ಕದ ಹಾಸಿಗೆಯ ಮಗುವಿನ ರೋಗ ವಿದ್ಯಾರ್ಥಿಗಳಿಗೆ ಪಾಠ ಮಾಡುವಷ್ಟು ವಿಶೇಷವಾಗಿಲ್ಲದಿದ್ದರೆ, ಆ ಮಗುವಿನ ಕಾಲಿನ ಗತಿ ಏನು? ಒಬ್ಬರ ಕರುಣೆ ಒಂದು ಕಾಲನ್ನು ಉಳಿಸಿತು. ಉಳಿದ ಕಾಲುಗಳನ್ನು ಉಳಿಸಲು ಏನು ಬೇಕು? ಅವರ ನಾಲ್ಕು ದಶಕ ಮೀರಿದ ರಾಜಕೀಯದ ತಿರುಳು ಇಷ್ಟೇ ಎಂದು ನಾನು ತಿಳಿದಿದ್ದೇನೆ: ದಯೆಯಿಂದ ಯಾರೋ ಕೊಟ್ಟಾಗ ಸಿಗುವುದನ್ನು, ಕೇಳದೆಯೂ ಸಿಗುವ ಹಕ್ಕನ್ನಾಗಿ ಮಾಡುವುದು.

ದಾವಣಗೆರೆಯಲ್ಲಿ ನಿಂತು ಈ ಮಾತನ್ನು ಎಚ್ಚರದಿಂದ ಆಡಬೇಕು. ಇದು ದಾಸೋಹದ ನಾಡು. ಸಿರಿಗೆರೆಯ, ಚಿತ್ರದುರ್ಗದ ಮಠಗಳ ಹಾಸ್ಟೆಲುಗಳಲ್ಲಿ ಉಂಡು ಓದಿ ಮುಂದೆ ಬಂದವರು ಈ ಸಭೆಯಲ್ಲೂ ಇದ್ದೀರಿ. ಆ ಪ್ರಸಾದ ಇಲ್ಲದಿದ್ದರೆ ಹಳ್ಳಿಯ ಎಷ್ಟೋ ಮಕ್ಕಳು ಏಳನೇ ಕ್ಲಾಸಿಗೆ ಶಾಲೆ ಬಿಡುತ್ತಿದ್ದರು. ಅದನ್ನು ಕಿರಿದು ಮಾಡಲು ನಾನು ಬಂದಿಲ್ಲ. ದಾಸೋಹಕ್ಕೂ ತೆರಿಗೆಯಿಂದ ನಡೆಯುವ ಆಸ್ಪತ್ರೆಗೂ ಜಗಳವಿಲ್ಲ. ಡಗ್ಲಸ್ ಕೂಡ ಮೊದಲು ಹಂಚಿದ್ದು ಚರ್ಚಿನ ಬಾಗಿಲಲ್ಲಿ ಬಟ್ಟೆ, ಆಹಾರ. ಹಂಚಿ ಹಂಚಿ, ಇದು ಎಂದಿಗೂ ಸಾಲುವುದಿಲ್ಲ ಎಂದು ಕಂಡುಕೊಂಡ ಮೇಲೆ ಮುಂದಿನ ಹೆಜ್ಜೆ ಇಟ್ಟರು.

ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಕಾಟ್ಲೆಂಡಿಗೆ ಮರಳಿದ್ದ ಕುಟುಂಬ ಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ವಿನಿಪೆಗ್‌ಗೆ ಬಂತು. 1919ರಲ್ಲಿ ಆ ನಗರದ ಕಾರ್ಮಿಕರು ಆರು ವಾರ ಸಾರ್ವತ್ರಿಕ ಮುಷ್ಕರ ಹೂಡಿದರು. ಜೂನ್ 21ರಂದು ಕುದುರೆ ಪೊಲೀಸರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದಾಗ, ಹದಿನಾಲ್ಕರ ಹುಡುಗ ಟಾಮಿ ಮುಖ್ಯ ಬೀದಿಯ ಒಂದು ಕಟ್ಟಡದ ಮೇಲಿನಿಂದ ಅದನ್ನು ಕಣ್ಣಾರೆ ಕಂಡ. ಹತ್ತಿಮಿಲ್ಲುಗಳ ಸೈರನ್ನಿಗೆ ಎದ್ದು ಮಲಗಿದ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಶಾಸಕರನ್ನಾಗಿ ಕಳಿಸಿದ ಊರು ನಮ್ಮದು. ಗೇಟಿನ ಮುಂದಿನ ಮುಷ್ಕರ ಒಂದು ಎಳೆಯ ಮನಸ್ಸಿನಲ್ಲಿ ಏನನ್ನು ಬಿತ್ತುತ್ತದೆ ಎಂದು ನಿಮಗೆ ನಾನು ವಿವರಿಸಬೇಕಿಲ್ಲ.

ಶಾಲೆ ಬಿಟ್ಟು ಪ್ರೆಸ್ಸಿನಲ್ಲಿ ಕೆಲಸ ಕಲಿತ ಡಗ್ಲಸ್, ಆಮೇಲೆ 1924ರಲ್ಲಿ ಬ್ಯಾಪ್ಟಿಸ್ಟರ ಬ್ರಾಂಡನ್ ಕಾಲೇಜು ಸೇರಿದರು. ಆರು ವರ್ಷ ಓದು. ಆಗ ಅಲ್ಲಿನ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಒಂದು ಹೊಸ ವಿಚಾರ ಓಡಾಡುತ್ತಿತ್ತು. ಸತ್ತ ಮೇಲಿನ ಸ್ವರ್ಗದ ಮಾತು ಹಾಗಿರಲಿ, ಬದುಕಿರುವಾಗ ಕೂಲಿ, ಮನೆ, ಅನ್ನದ ನ್ಯಾಯವೂ ಯೇಸುವಿನ ಬೋಧನೆಯೇ ಎಂಬ ವಿಚಾರ. ಡಗ್ಲಸ್ ಆ ದಾರಿಯವರು. 1930ರಲ್ಲಿ ದೀಕ್ಷೆ ಪಡೆದು, ಇರ್ಮಾ ಡೆಂಪ್ಸಿ ಅವರನ್ನು ಮದುವೆಯಾಗಿ, ಸಾಸ್ಕಾಚೆವಾನ್ ಪ್ರಾಂತ್ಯದ ವೇಬರ್ನ್ ಎಂಬ ಸಣ್ಣ ಪಟ್ಟಣದ ಕ್ಯಾಲ್ವರಿ ಬ್ಯಾಪ್ಟಿಸ್ಟ್ ಚರ್ಚಿಗೆ ಬಂದರು.

ಬಂದ ಹೊತ್ತು ಕೆಟ್ಟದಾಗಿತ್ತು. ಜಗತ್ತಿನ ಆರ್ಥಿಕ ಕುಸಿತದಲ್ಲಿ ಗೋಧಿಯ ಬೆಲೆ ಮೂರು ವರ್ಷದಲ್ಲಿ ಕಾಲು ಭಾಗದ ಆಸುಪಾಸಿಗೆ ಬಿತ್ತು. ಅದರ ಮೇಲೆ ಬರ. ಮೇಲ್ಮಣ್ಣು ಗಾಳಿಗೆ ಎದ್ದು ಬೇಲಿಯ ಎತ್ತರಕ್ಕೆ ಬಂದು ಬೀಳುತ್ತಿತ್ತು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಮಳೆ ಕೈಕೊಟ್ಟ ವರ್ಷದ ಅನುಭವ ಇದೆ. ಅಲ್ಲಿ ಅದು ಸುಮಾರು ಒಂದು ದಶಕ ನಡೆಯಿತು. 1931ರಲ್ಲಿ ಹತ್ತಿರದ ಎಸ್ಟೆವಾನ್ ಪಟ್ಟಣದಲ್ಲಿ ಕಲ್ಲಿದ್ದಲ ಗಣಿಯವರು ಮುಷ್ಕರ ಮಾಡಿದಾಗ ಪೊಲೀಸರ ಗುಂಡಿಗೆ ಮೂವರು ಸತ್ತರು. ಯುವ ಪಾದ್ರಿ ಗಣಿಗಾರರ ಮನೆಗಳಿಗೆ ಆಹಾರ ಸಾಗಿಸಿದರು. ಸಂಬಳ ಕೊಡುವ ಭಕ್ತರಲ್ಲಿ ಕೆಲವರು ಮುನಿಸಿಕೊಂಡರು. ಡಾಕ್ಟರ ಬಳಿ ಹೋಗಲು ದುಡ್ಡಿಲ್ಲದೆ ಸತ್ತ ಹರೆಯದವರನ್ನು ತಾವೇ ಮಣ್ಣು ಮಾಡಿದ್ದನ್ನು ಡಗ್ಲಸ್ ಮುಂದೆ ಎಷ್ಟೋ ಸಲ ನೆನೆದರು.

ಇಲ್ಲಿ ಅವರ ಬದುಕಿನ ಒಂದು ಕಪ್ಪು ಪುಟವನ್ನೂ ತೆರೆಯಬೇಕು, ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. 1933ರಲ್ಲಿ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಎಂ.ಎ. ಪ್ರಬಂಧದಲ್ಲಿ ಅವರು, ಬುದ್ಧಿಮಾಂದ್ಯರೆಂದು ಗುರುತಿಸಿದವರಿಗೆ ಸಂತಾನಹರಣ ಚಿಕಿತ್ಸೆ ಮಾಡಬೇಕು, ಮದುವೆಗೆ ನಿರ್ಬಂಧ ಹಾಕಬೇಕು ಎಂದು ಬರೆದರು. ಆ ಕಾಲದಲ್ಲಿ ಅದು ಓದಿದವರ ನಡುವೆ ಗೌರವದ ವಿಚಾರವಾಗಿತ್ತು, ಪಕ್ಕದ ಆಲ್ಬರ್ಟಾ ಪ್ರಾಂತ್ಯ 1928ರಲ್ಲೇ ಕಾನೂನು ಮಾಡಿತ್ತು. ಆದರೂ ತಪ್ಪು ತಪ್ಪೇ. 1936ರಲ್ಲಿ ಜರ್ಮನಿಗೆ ಹೋಗಿ ನಾಜಿಗಳ ಆಡಳಿತವನ್ನು ಹತ್ತಿರದಿಂದ ಕಂಡು ಬಂದರು. ಎಂಟು ವರ್ಷದ ನಂತರ ತಾವೇ ಆರೋಗ್ಯ ಮಂತ್ರಿಯಾದಾಗ ಇಂಥದೇ ಶಿಫಾರಸುಗಳು ಮೇಜಿನ ಮೇಲೆ ಬಂದವು. ಸಹಿ ಹಾಕುವ ಅಧಿಕಾರ ಕೈಯಲ್ಲೇ ಇತ್ತು. ಅವುಗಳನ್ನು ತಿರಸ್ಕರಿಸಿದರು. ಬಡವನ ಕಷ್ಟಕ್ಕೆ ಬಡವನ ರಕ್ತವೇ ಕಾರಣ ಎಂಬ ವಿಚಾರದಿಂದ, ವ್ಯವಸ್ಥೆಯೇ ಕಾರಣ ಎಂಬ ತಿಳಿವಿಗೆ ಬರಲು ಅವರಿಗೂ ಸಮಯ ಹಿಡಿಯಿತು.

ರಾಜಕೀಯಕ್ಕೆ ಬಂದ ಬಗೆ ಸ್ವಾರಸ್ಯವಾಗಿದೆ. ರೈತರು, ಕಾರ್ಮಿಕರು ಸೇರಿ 1932ರಲ್ಲಿ ಸಿಸಿಎಫ್ (ಕೋ-ಆಪರೇಟಿವ್ ಕಾಮನ್‌ವೆಲ್ತ್ ಫೆಡರೇಷನ್) ಎಂಬ ಹೊಸ ಪಕ್ಷ ಕಟ್ಟಿದರು. ಅದರ ನಾಯಕ ವುಡ್ಸ್‌ವರ್ತ್ ಕೂಡ ಹಿಂದೆ ಮೆಥಡಿಸ್ಟ್ ಪಾದ್ರಿಯಾಗಿದ್ದವರೇ. 1934ರ ಪ್ರಾಂತೀಯ ಚುನಾವಣೆಯಲ್ಲಿ ಡಗ್ಲಸ್ ನಿಂತು ಸೋತರು. ಸಾಕು ಎಂದುಕೊಂಡಿದ್ದಾಗ ಚರ್ಚಿನ ಮೇಲಧಿಕಾರಿಯೊಬ್ಬರು ಬಂದು, ಮತ್ತೆ ಚುನಾವಣೆಗೆ ನಿಂತರೆ ಕೆನಡಾದಲ್ಲಿ ಎಲ್ಲೂ ನಿನಗೆ ಚರ್ಚ್ ಸಿಗದಂತೆ ನೋಡಿಕೊಳ್ಳುತ್ತೇನೆ ಎಂದರಂತೆ. ಹಾಗಾದರೆ ಸಿಸಿಎಫ್‌ಗೆ ಒಬ್ಬ ಅಭ್ಯರ್ಥಿ ಸಿಕ್ಕಂತಾಯಿತು ಎಂದು ಡಗ್ಲಸ್ ಉತ್ತರಿಸಿದರು. 1935ರಲ್ಲಿ ವೇಬರ್ನ್‌ನಿಂದ ಗೆದ್ದು ಸಂಸತ್ತಿಗೆ ಹೋದರು.

ಭಾಷಣದಲ್ಲಿ ಅವರಿಗೆ ಸಮ ಇರಲಿಲ್ಲ. ಪಾದ್ರಿಯಾಗಿ ಕಲಿತದ್ದು ಅಲ್ಲಿ ಕೆಲಸಕ್ಕೆ ಬಂತು. ಗಣಿ ಕಾರ್ಮಿಕರ ಪ್ರತಿನಿಧಿಯಾಗಿದ್ದ ಕ್ಲಾರೆನ್ಸ್ ಗಿಲ್ಲಿಸ್ ಎಂಬ ಗೆಳೆಯರಿಂದ ಕೇಳಿದ ಇಲಿಗಳ ಕಥೆಯನ್ನು ಅವರು ಊರೂರಲ್ಲಿ ಹೇಳಿದರು. ಇಲಿಗಳ ರಾಜ್ಯದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಇಲಿಗಳು ಕರಿಬೆಕ್ಕುಗಳಿಗೆ ಓಟು ಹಾಕುತ್ತವೆ. ಬೆಕ್ಕುಗಳು ಬಿಲದ ಬಾಯಿ ಬೆಕ್ಕಿನ ಪಂಜ ಹಿಡಿಸುವಷ್ಟು ಅಗಲ ಇರಬೇಕೆಂದು ಕಾನೂನು ಮಾಡುತ್ತವೆ. ಬೇಸತ್ತ ಇಲಿಗಳು ಮುಂದಿನ ಸಲ ಬಿಳಿಬೆಕ್ಕುಗಳನ್ನು ಗೆಲ್ಲಿಸುತ್ತವೆ. ಕಷ್ಟ ಇನ್ನೂ ಹೆಚ್ಚುತ್ತದೆ. ಕೊನೆಗೆ ಒಂದು ಪುಟ್ಟ ಇಲಿ, ನಾವು ಇಲಿಗಳನ್ನೇ ಏಕೆ ಆರಿಸಬಾರದು ಎಂದು ಕೇಳುತ್ತದೆ. ಅದನ್ನು ಜೈಲಿಗೆ ಹಾಕುತ್ತಾರೆ. ನಮ್ಮ ಹರಿಕಥೆಯ ದಾಸರು, ಕೀರ್ತನಕಾರರು ಉಪಕಥೆ ಹೇಳುವ ಧಾಟಿ ಇದೇ ಅಲ್ಲವೇ? ಜನ ನಕ್ಕರು, ಮನೆಗೆ ಹೋಗಿ ಯೋಚಿಸಿದರು.

1944ರ ಜೂನ್‌ನಲ್ಲಿ ಸಾಸ್ಕಾಚೆವಾನ್‌ನಲ್ಲಿ ಸಿಸಿಎಫ್ 47 ಸೀಟು ಗೆದ್ದಿತು. ಎದುರಾಳಿಗಳಿಗೆ ಉಳಿದದ್ದು ಬೆರಳೆಣಿಕೆಯಷ್ಟು. ಉತ್ತರ ಅಮೆರಿಕದಲ್ಲೇ ಮೊದಲ ಸಮಾಜವಾದಿ ಸರ್ಕಾರ ಅದು. ಡಗ್ಲಸ್ ಪ್ರೀಮಿಯರ್ ಆದರು. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಆರೋಗ್ಯ ಖಾತೆಯನ್ನು 1949ರವರೆಗೆ ತಾವೇ ಇಟ್ಟುಕೊಂಡರು. ಐದು ಚುನಾವಣೆ ಗೆದ್ದು 17 ವರ್ಷ ಆಳಿದರು. ರೈತರ ಜಮೀನು ಸಾಲಕ್ಕೆ ಹರಾಜಾಗದಂತೆ ಕಾಯ್ದೆ, ಕಾರ್ಮಿಕ ಸಂಘಗಳ ಕಾಯ್ದೆ, 1947ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, ಹೊಲಮನೆಗಳಿಗೆ ಕರೆಂಟು. ಒಂದೊಂದಕ್ಕೂ ಒಂದೊಂದು ಉಪನ್ಯಾಸ ಬೇಕು. ನಾನು ಆಸ್ಪತ್ರೆಯ ಕಡೆಗೇ ಬರುತ್ತೇನೆ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಇದು ಒಬ್ಬ ಮಹಾಪುರುಷನ ತಲೆಯಿಂದ ಒಮ್ಮೆಲೇ ಉದುರಿದ ಯೋಜನೆಯಲ್ಲ. 1915ರ ಸುಮಾರಿಗೇ ಸಾರ್ನಿಯಾ ಎಂಬ ಗ್ರಾಮೀಣ ಪಂಚಾಯಿತಿ, ತೆರಿಗೆ ದುಡ್ಡಿನಲ್ಲಿ ಡಾಕ್ಟರಿಗೆ ಸಂಬಳ ಕೊಟ್ಟು ಊರಲ್ಲಿ ಇಟ್ಟುಕೊಂಡಿತ್ತು. ಅದನ್ನು ನೋಡಿ ಅಕ್ಕಪಕ್ಕದ ಊರುಗಳೂ ಹಾಗೆ ಮಾಡಿದವು. ಊರುಗಳು ಜೊತೆಗೂಡಿ ಆಸ್ಪತ್ರೆ ಕಟ್ಟಿಕೊಂಡವು. ರೈತರು ಸಹಕಾರದಿಂದ ಗೋಧಿ ಮಾರುತ್ತಿದ್ದ ನೆಲ ಅದು, ಕಾಯಿಲೆಗೂ ಸಹಕಾರವೇ ಮದ್ದು ಎಂದು ಅವರಿಗೆ ಹೊಳೆದಿತ್ತು. ಡಗ್ಲಸ್ ಮಾಡಿದ್ದು ಅದನ್ನು ಇಡೀ ಪ್ರಾಂತ್ಯಕ್ಕೆ ಬೆಳೆಸಿದ್ದು. ಮೊದಲು ಪಿಂಚಣಿ ಪಡೆಯುವ ವೃದ್ಧರಿಗೆ, ಕ್ಯಾನ್ಸರ್ ರೋಗಿಗಳಿಗೆ ಉಚಿತ ಚಿಕಿತ್ಸೆ. 1946ರಲ್ಲಿ ಸ್ವಿಫ್ಟ್ ಕರೆಂಟ್ ಎಂಬ ಒಂದೇ ಪ್ರದೇಶದಲ್ಲಿ ಆಸ್ಪತ್ರೆ, ಡಾಕ್ಟರ್ ಎರಡೂ ಸೇರಿದ ಪೂರ್ತಿ ಯೋಜನೆಯ ಪ್ರಯೋಗ. 1947ರ ಜನವರಿ 1ರಿಂದ ಪ್ರಾಂತ್ಯದ ಎಲ್ಲರಿಗೂ ಆಸ್ಪತ್ರೆ ವಿಮೆ. ವರ್ಷಕ್ಕೆ ತಲೆಗೆ 5 ಡಾಲರ್, ಒಂದು ಕುಟುಂಬಕ್ಕೆ ಹೆಚ್ಚೆಂದರೆ 30 ಡಾಲರ್.

ಆ 5 ಡಾಲರ್ ಓದಿದಾಗ ನನಗೆ ನೆನಪಾದದ್ದು ನಮ್ಮ ಯಶಸ್ವಿನಿ. ಸಹಕಾರ ಸಂಘದ ರೈತರಿಗಾಗಿ 2003ರಲ್ಲಿ ಅದು ಶುರುವಾದಾಗ ವರ್ಷಕ್ಕೆ ತಲೆಗೆ 60 ರೂಪಾಯಿ. ಎಷ್ಟೋ ಮನೆಗಳಲ್ಲಿ ಹೃದಯದ ಆಪರೇಷನ್ ಎಂಬ ಮಾತು ಸಾವಿನ ಮಾತಾಗಿ ಉಳಿಯದಂತೆ ಮಾಡಿದ್ದು ಆ 60 ರೂಪಾಯಿ. 2018ರಲ್ಲಿ ಅದನ್ನು ಬೇರೆ ಯೋಜನೆಯಲ್ಲಿ ಸೇರಿಸಿದರು, ಆಮೇಲೆ ಮತ್ತೆ ಜೀವ ಕೊಟ್ಟರು. ವ್ಯತ್ಯಾಸ ಇರುವುದು ಇಲ್ಲಿ: ನಮ್ಮ ಕಾರ್ಡು ಸಂಘದ ಸದಸ್ಯನಿಗೆ, ಬಿಪಿಎಲ್‌ನವನಿಗೆ, ಹೀಗೆ ಒಂದೊಂದು ಗುಂಪಿಗೆ ಒಂದೊಂದು. ಅಲ್ಲಿ ಗೋಧಿ ಬೆಳೆಯುವವನಿಗೂ ಬ್ಯಾಂಕಿನ ಮ್ಯಾನೇಜರನಿಗೂ ಒಂದೇ ಕಾರ್ಡು. ಎಲ್ಲರೂ ಒಳಗಿದ್ದ ಕಾರಣ ಮುಂದೆ ಯಾರೂ ಅದನ್ನು ಕೀಳಲು ಆಗಲಿಲ್ಲ.

ಡಾಕ್ಟರರ ಫೀಸನ್ನೂ ಸರ್ಕಾರವೇ ಕಟ್ಟುವ ಹೆಜ್ಜೆಗೆ ಡಗ್ಲಸ್ ಇನ್ನೂ ಹನ್ನೆರಡು ವರ್ಷ ಕಾದರು. ಕಾದದ್ದು ಅಳುಕಿನಿಂದಲ್ಲ. ಖಜಾನೆ ಮಂತ್ರಿ ಕ್ಲಾರೆನ್ಸ್ ಫೈನ್ಸ್ ಉಳಿತಾಯದ ಬಜೆಟ್ ಮಂಡಿಸುತ್ತಾ ಹಳೆಯ ಸಾಲ ತೀರಿಸುತ್ತಿದ್ದರು. ಸಾಲ ಕೊಟ್ಟ ಬ್ಯಾಂಕಿನವರ ಕೈಗೆ ಜನರ ಯೋಜನೆಗಳ ಜುಟ್ಟು ಸಿಗಬಾರದು ಎಂಬುದು ಡಗ್ಲಸ್ ಅವರ ಹಟ. ಕೇಂದ್ರ ಸರ್ಕಾರ 1957ರಲ್ಲಿ ಆಸ್ಪತ್ರೆ ವಿಮೆಯ ಖರ್ಚಿನಲ್ಲಿ ಪಾಲು ಕೊಡುವ ಕಾನೂನು ಮಾಡಿದ ಮೇಲೆ ಪ್ರಾಂತ್ಯದ ಕೈಯಲ್ಲಿ ಹಣ ಉಳಿಯಿತು. 1959ರ ಡಿಸೆಂಬರಿನಲ್ಲಿ ರೇಡಿಯೋದಲ್ಲಿ ಯೋಜನೆ ಪ್ರಕಟಿಸಿದರು. 1960ರ ಚುನಾವಣೆ ಇದರ ಮೇಲೆಯೇ ನಡೆಯಿತು. ವೈದ್ಯರ ಸಂಘ ಹಣ ಕೂಡಿಸಿ ವಿರುದ್ಧ ಪ್ರಚಾರ ಮಾಡಿತು. ಡಗ್ಲಸ್ ಗೆದ್ದರು.

ಆದರೆ ಯೋಜನೆ ಜಾರಿಯಾದ ದಿನ ಅವರು ಆ ಕುರ್ಚಿಯಲ್ಲಿ ಇರಲಿಲ್ಲ. 1961ರ ಆಗಸ್ಟಿನಲ್ಲಿ ಸಿಸಿಎಫ್ ಮತ್ತು ಕಾರ್ಮಿಕ ಸಂಘಟನೆಗಳು ಸೇರಿ ನ್ಯೂ ಡೆಮಾಕ್ರಟಿಕ್ ಪಾರ್ಟಿ ಕಟ್ಟಿದಾಗ ಅದರ ಮೊದಲ ರಾಷ್ಟ್ರೀಯ ನಾಯಕರಾಗಿ ಆರಿಸಿದ್ದು ಅವರನ್ನು. ಪ್ರಾಂತ್ಯವನ್ನು ವುಡ್ರೊ ಲಾಯ್ಡ್ ಅವರಿಗೆ ಒಪ್ಪಿಸಿದರು. 1962ರ ಜೂನ್ 18ರ ಸಂಸತ್ ಚುನಾವಣೆಯಲ್ಲಿ, ರೆಜೈನಾ ನಗರದಲ್ಲಿ, ಯಾರಿಗಾಗಿ ಅಷ್ಟು ದುಡಿದರೋ ಆ ಜನರೇ ಅವರನ್ನು ಸೋಲಿಸಿದರು. ಡಾಕ್ಟರರೆಲ್ಲ ಊರು ಬಿಟ್ಟು ಹೋಗುತ್ತಾರೆ ಎಂಬ ಭಯ ಅಷ್ಟು ಹಬ್ಬಿತ್ತು.

ಎರಡು ವಾರದ ಮೇಲೆ, ಜುಲೈ 1ರಂದು ಯೋಜನೆ ಶುರು. ಅದೇ ದಿನ ಪ್ರಾಂತ್ಯದ ಬಹುಪಾಲು ಡಾಕ್ಟರರು ಕ್ಲಿನಿಕ್ ಬಾಗಿಲು ಹಾಕಿದರು. ಕೆಲವು ಆಸ್ಪತ್ರೆಗಳಲ್ಲಿ ತುರ್ತು ಸೇವೆ ಮಾತ್ರ. ತೆರೆದಿರುವ ದವಾಖಾನೆ ಹುಡುಕುತ್ತಾ ಕಾರಿನಲ್ಲಿ ಅಲೆದ ತಂದೆತಾಯಿಯ ಒಂಬತ್ತು ತಿಂಗಳ ಮಗು ತೀರಿಕೊಂಡಿತು. ಸರ್ಕಾರ ಬ್ರಿಟನ್ನಿನಿಂದ ಡಾಕ್ಟರರನ್ನು ಕರೆಸಿತು. ಹಲವು ಕಡೆ ಜನರೇ ಸೇರಿ ಸಮುದಾಯ ಕ್ಲಿನಿಕ್ ತೆರೆದರು. ಲಾಯ್ಡ್ ಬಗ್ಗಲಿಲ್ಲ. 23 ದಿನಗಳ ನಂತರ ಸಾಸ್ಕಟೂನ್‌ನಲ್ಲಿ ಒಪ್ಪಂದವಾಯಿತು. ಈ ಕಥೆಯಲ್ಲಿ ಲಾಯ್ಡ್ ಅವರ ಹೆಸರನ್ನು ಜನ ಮರೆಯುತ್ತಾರೆ, ನೀವು ಮರೆಯಬೇಡಿ. 1964ರಲ್ಲಿ ಅವರ ಸರ್ಕಾರ ಸೋತಿತು. ಗೆದ್ದ ಲಿಬರಲ್ ಪಕ್ಷ ಯೋಜನೆಯನ್ನು ರದ್ದು ಮಾಡಲಿಲ್ಲ. 1966ರಲ್ಲಿ ಸಂಸತ್ತು ಇದನ್ನು ದೇಶಕ್ಕೆಲ್ಲ ವಿಸ್ತರಿಸುವ ಕಾನೂನು ಮಾಡಿತು, 1972ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಸೇರಿದವು.

ದೇಶದ ರಾಜಧಾನಿ ಒಟ್ಟಾವಾದಲ್ಲಿ ಡಗ್ಲಸ್ ಅವರ ಹತ್ತು ವರ್ಷದ ನಾಯಕತ್ವದಲ್ಲಿ ನಾನು ನಿಲ್ಲುವುದು ಒಂದೇ ಘಟನೆಯ ಬಳಿ. 1970ರ ಅಕ್ಟೋಬರಿನಲ್ಲಿ ಕ್ವಿಬೆಕ್ ಪ್ರತ್ಯೇಕತಾವಾದಿಗಳು ಇಬ್ಬರನ್ನು ಅಪಹರಿಸಿದಾಗ ಪ್ರಧಾನಿ ಟ್ರೂಡೊ ಯುದ್ಧಕಾಲದ ಕಾಯ್ದೆ ಹೇರಿದರು. ವಾರಂಟ್ ಇಲ್ಲದೆ ನೂರಾರು ಜನರ ಬಂಧನ. ದೇಶವೆಲ್ಲ ಸರ್ಕಾರದ ಜೊತೆಗಿತ್ತು. ಶೇಂಗಾ ಒಡೆಯಲು ದೊಡ್ಡ ಸುತ್ತಿಗೆ ಎತ್ತಿದ್ದೀರಿ ಎಂದು ಡಗ್ಲಸ್ ಸಂಸತ್ತಿನಲ್ಲಿ ಹೇಳಿದರು. ಮತ ಹಾಕಿದಾಗ ಪರವಾಗಿ 190, ವಿರುದ್ಧ 16. ಆ 16 ಜನ ಅವರೂ ಅವರ ಪಕ್ಷದವರೂ. ಅವರದೇ ಪಕ್ಷದ ಕೆಲವರು ಕೂಡ ಅವತ್ತು ಅವರ ಜೊತೆ ನಿಲ್ಲಲಿಲ್ಲ. ಐದು ವರ್ಷದ ಮೇಲೆ ನಮ್ಮಲ್ಲಿ ತುರ್ತುಪರಿಸ್ಥಿತಿ ಬಂತು. ಅದನ್ನು ಕಂಡವರು ಈ ಸಭೆಯಲ್ಲಿದ್ದೀರಿ, ಆ 16 ಕೈಗಳ ಬೆಲೆ ನಿಮಗೆ ಗೊತ್ತು. 1971ರಲ್ಲಿ ಅವರು ನಾಯಕತ್ವ ಬಿಟ್ಟರು, 1986ರ ಫೆಬ್ರವರಿ 24ರಂದು ತೀರಿಕೊಂಡರು. 2004ರಲ್ಲಿ ಅಲ್ಲಿನ ಸಾರ್ವಜನಿಕ ದೂರದರ್ಶನ ಸಂಸ್ಥೆ ಅತ್ಯಂತ ದೊಡ್ಡ ಕೆನಡಿಯನ್ ಯಾರು ಎಂದು ಜನರನ್ನು ಕೇಳಿದಾಗ ಅವರು ಆರಿಸಿದ ಹೆಸರು ಟಾಮಿ ಡಗ್ಲಸ್.

ಮಾತು ಮುಗಿದ ಮೇಲೆ ಎರಡು ಪ್ರಶ್ನೆಗಳು ಬಂದವು.

ಒಬ್ಬ ವೈದ್ಯ ವಿದ್ಯಾರ್ಥಿನಿ ಕೇಳಿದರು: "ಸರ್, ಡಾಕ್ಟರರಿಗೆ ಇದರಿಂದ ನಷ್ಟ ಆಗಲಿಲ್ವಾ?" ಒಳ್ಳೆಯ ಪ್ರಶ್ನೆ. ಅಲ್ಲಿನ ಡಾಕ್ಟರರು ಸರ್ಕಾರಿ ನೌಕರರಾಗಲಿಲ್ಲ. ತಮ್ಮ ಕ್ಲಿನಿಕ್ ತಾವೇ ನಡೆಸುತ್ತಾರೆ, ನೋಡಿದ ರೋಗಿಗೆ ಇಷ್ಟು ಎಂದು ಬಿಲ್ ಕಳಿಸುತ್ತಾರೆ. ಬಿಲ್ ಹೋಗುವುದು ರೋಗಿಯ ಮನೆಗಲ್ಲ, ಸರ್ಕಾರಕ್ಕೆ. ಬರಗಾಲದ ದಿನಗಳಲ್ಲಿ ಫೀಸಿನ ಬದಲು ಕೋಳಿಯನ್ನೋ ಕಟ್ಟಿಗೆಯನ್ನೋ ತೆಗೆದುಕೊಳ್ಳಬೇಕಾಗಿದ್ದ ಡಾಕ್ಟರರಿಗೆ ಈಗ ಬಾಕಿ ಉಳಿಯುವ ಚಿಂತೆ ಇಲ್ಲವಾಯಿತು. ಹಾಗೆಂದು ಎಲ್ಲ ಸುಖ ಎಂದು ಹೇಳಲಾರೆ. ತಜ್ಞರನ್ನು ಕಾಣಲು, ಮಂಡಿ ಬದಲಾವಣೆಯಂಥ ಆಪರೇಷನ್ನಿಗೆ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಔಷಧಿ, ಹಲ್ಲು ಡಗ್ಲಸ್ ಕಾಲದ ಯೋಜನೆಯ ಹೊರಗೇ ಉಳಿದವು.

ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ಹಂಗಾದ್ರೆ ನಮ್ಮ ಸ್ವಾಮಿಗಳೂ ಎಲೆಕ್ಷನ್ನಿಗೆ ನಿಲ್ಲಬೌದು ಅಂತೀರೇನು?" ಸಭೆಯಲ್ಲಿ ಸ್ವಲ್ಪ ಸದ್ದಾಯಿತು. ನಾನು ಹೇಳಿದ್ದು ಇಷ್ಟು. ಸಂವಿಧಾನ ಯಾರನ್ನೂ ತಡೆಯುವುದಿಲ್ಲ, ಯಜಮಾನರೇ. ಡಗ್ಲಸ್ ನಿಂತದ್ದು ಹೇಗೆ ಎಂದು ನೋಡಿ. ಪೀಠದ ಮೇಲೆ ಕೂತು ಇಂಥವರಿಗೆ ಓಟು ಹಾಕಿ ಎಂದು ಭಕ್ತರಿಗೆ ಅಪ್ಪಣೆ ಕೊಡಲಿಲ್ಲ. ಪೀಠ ಇನ್ನು ಸಿಗುವುದಿಲ್ಲ ಎಂದು ಗೊತ್ತಿದ್ದೇ ಇಳಿದು ಬಂದರು, ಒಂದು ಪಕ್ಷದ ಸಾಮಾನ್ಯ ಅಭ್ಯರ್ಥಿಯಾಗಿ ಮನೆ ಮನೆಗೆ ಹೋಗಿ ಓಟು ಕೇಳಿದರು. 1934ರಲ್ಲಿ ಸೋತರು, 1962ರಲ್ಲಿ ಸೋತರು, 1968ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಮತ್ತೆ ಸೋತರು. ಸೋತಾಗ ಇದು ಧರ್ಮಕ್ಕೆ ಆದ ಅವಮಾನ ಎನ್ನಲಿಲ್ಲ. ತಮ್ಮ ಯೋಜನೆಯಲ್ಲಿ ಬ್ಯಾಪ್ಟಿಸ್ಟರಿಗೆ ಇಷ್ಟು, ಕ್ಯಾಥೊಲಿಕ್ಕರಿಗೆ ಇಷ್ಟು ಎಂದು ಪಾಲು ಹಾಕಲಿಲ್ಲ. ನಮ್ಮಲ್ಲಿ ಯಾರಾದರೂ ಹಾಗೆ ಇಳಿದು ಬಂದು, ಹಾಗೆ ನಿಂತು, ಜಗಳೂರಿನ ಹಳ್ಳಿಯ ಯಾವ ಜಾತಿಯ ಕೂಲಿಯವಳೂ ಯಾರ ಚೀಟಿ ಇಲ್ಲದೆ ಆಸ್ಪತ್ರೆಗೆ ಹೋಗುವಂತೆ ಮಾಡುತ್ತೇನೆ ಎಂದರೆ, ನಾನು ಅವರಿಗೆ ಓಟು ಹಾಕುತ್ತೇನೆ.